ಎರಡು ಗಾಜು, ಎರಡು ಸಾಲು

ಗಂಗೆಕಟ್ಟೆ, ಜಾವಗಲ್ ಹತ್ತಿರ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಹೇಮಾ,

ನೀನು ಮೊಬೈಲಿಗೆ ಕಳಿಸಿದ ಮಾತನ್ನೆಲ್ಲ ಕೇಳಿದೆ. ಕೇಳಿದ ಮೇಲೆ ಇನ್ನೊಂದು ಸಲ ಹಾಕಿಕೊಂಡು ಕೇಳಿದೆ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಅಳುತ್ತೀಯ, ನೀನು ಅತ್ತರೆ ನಾನು "ಆಯ್ತು ಬಿಡೇ" ಅನ್ನುತ್ತೇನೆ. ಒಂದನೇ ಕ್ಲಾಸಿನಿಂದಲೂ ನಡೆದುಬಂದಿರುವುದು ಇದೇ. ಈ ಸಲ ಆಯ್ತು ಅನ್ನುವ ಮನಸ್ಸು ನನಗಿಲ್ಲ, ಅದಕ್ಕೇ ಕಾಗದ. ದಿನಾ ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಕೂತು ಮಂದಿಯ ಕಾಗದಕ್ಕೆಲ್ಲ ಠಸ್ಸೆ ಒತ್ತುತ್ತೇನೆ, ನನ್ನ ಕೈಯಾರೆ ಒಂದು ಬರೆದು ಎಷ್ಟು ಕಾಲವಾಯಿತೋ. ಹಳೇಬೀಡಿಗೆ ಬೇಗ ತಲುಪುತ್ತದೆ. ತಲುಪದಿದ್ದರೆ ನನ್ನನ್ನೇ ಬೈ.

ನೀನು ಕೇಳಿದ್ದು ಎರಡು. ಬರುವ ಭಾನುವಾರ ಶಿವರಾತ್ರಿಯ ಜಾಗರಣೆಗೆ ನನ್ನ ಟೆಲಿಸ್ಕೋಪನ್ನು ಈಶ್ವರನ ಗುಡಿ ಮುಂದೆ ಇಡಬೇಕು, ಹೋದ ತಿಂಗಳ ಹಾಗೇ ಎರಡು ಸಾಲು, ಸಾಲಿಗೊಂದು ಗಾಜು. ಅದಕ್ಕೆ ಮೊದಲು ನಾನು ನಿಮ್ಮಪ್ಪನ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ನೀನು ತವರಿಗೆ ಬಂದರೂ ನಮ್ಮ ಕೇರಿಯ ಕಡೆ ತಲೆ ಹಾಕುವ ಹಾಗಿಲ್ಲ, ನಮ್ಮಿಬ್ಬರ ಸ್ನೇಹ ಇಲ್ಲಿಗೆ ಮುಗಿಯಿತು ಎಂದು ಅವರು ಹೇಳಿದ್ದಾರೆ ಎಂದೆ. ಎರಡಕ್ಕೂ ನನ್ನ ಉತ್ತರ ಆಗಲ್ಲ ಅಂತ. ಮುಂದಿನದನ್ನು ನೀನು ಓದದಿದ್ದರೂ ನಡೆಯುತ್ತದೆ. ಆದರೂ ಓದು.

ಟೆಲಿಸ್ಕೋಪು ನಮ್ಮ ಮನೆಗೆ ಬಂದ ದಿನ ನೀನೂ ಇದ್ದೆ. ದೀಪಾವಳಿಗೆ ಮಗಳು ಮೇಘಶ್ರೀಯನ್ನು ಕರೆದುಕೊಂಡು ಊರಿಗೆ ಬಂದವಳು, ಎಂದಿನಂತೆ ಹಿಂದಿನ ದಾರಿಯಿಂದ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಚಿಕ್ಕಂದಿನಿಂದ ನೀನು ನಮ್ಮ ಹಿತ್ತಲಿಗೆ ಬರುತ್ತೀಯ, ನಡುಮನೆಗೆ ಬಂದಿಲ್ಲ. ಯಾಕೆ ಎಂದು ನಾನೂ ಕೇಳಿಲ್ಲ. ಅವತ್ತು ಇಬ್ಬರೂ ಸೇರಿ ಡಬ್ಬ ಬಿಚ್ಚಿದೆವು. ಉದ್ದದ ಕೊಳವೆ, ಮೂರು ಕಾಲಿನ ಸ್ಟ್ಯಾಂಡು, ಮತ್ತೆ ಕಣ್ಣಿಟ್ಟು ನೋಡುವ ಆ ಪುಟ್ಟ ಗಾಜುಗಳು ಎರಡು, ಒಂದರ ಮೇಲೆ 25 ಎಂದೂ ಇನ್ನೊಂದರ ಮೇಲೆ 10 ಎಂದೂ ಬರೆದಿತ್ತು. ನೀನು ಎರಡನ್ನೂ ಅಂಗೈಯಲ್ಲಿಟ್ಟು ತೂಗಿ, ಒಂದು ನಿನಗೆ ಒಂದು ನನಗೆ ಎಂದು ನಗಾಡಿದೆ.

ಆ ಸಂಜೆ ನಾವು ಪಟ್ಟ ಪಾಡು ನೆನಪಿದೆಯಾ? ಕತ್ತು ನೋಯುವ ತನಕ ತಿರುಗಿಸಿದೆವು, ಕಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ನೀನು ಸ್ಕ್ರೂ ಬಿಗಿ ಮಾಡಿದೆ, ನಾನು ಸಡಿಲ ಮಾಡಿದೆ. ಕೊನೆಗೆ ಕಾಫಿ ತಂದ ನಮ್ಮಮ್ಮ, "ಮುಂದ್ಗಡೆ ಮುಚ್ಚಳ ಹಂಗೇ ಐತಲ್ಲವ್ವ, ತೆಗೀಬಾರ್ದೇನೋ" ಎಂದರು. ಇಬ್ಬರು ಪದವೀಧರೆಯರು ಕೊಳವೆಯ ಬಾಯಿಗೆ ಮುಚ್ಚಳ ಹಾಕಿಕೊಂಡು ಆಕಾಶ ಹುಡುಕುತ್ತಿದ್ದೆವು. ಮುಚ್ಚಳ ತೆಗೆದು ನಿಮ್ಮ ತೋಟದ ತೆಂಗಿನ ಮರಕ್ಕೆ ತಿರುಗಿಸಿದರೆ ಮರ ತಲೆಕೆಳಗೆ ನೇತಾಡುತ್ತಿತ್ತು. ಕೆಟ್ಟ ಮಾಲು ಕಳಿಸಿದ್ದಾರೆ ಎಂದು ನಾನು ಅಂಗಡಿಯವನಿಗೆ ಫೋನು ಮಾಡಿ ರೇಗಿದೆ. ಅವನು ಮೊದಲು ನಕ್ಕ. ಆಮೇಲೆ, ಈ ನಮೂನೆಯದರಲ್ಲಿ ಕಾಣುವುದೇ ಹಾಗೆ ಮೇಡಂ, ನಕ್ಷತ್ರ ನೋಡುವವರಿಗೆ ಮೇಲೇನು ಕೆಳಗೇನು ಎಂದ. ನಮ್ಮಪ್ಪ ಮಾತ್ರ ತೆಂಗಿನ ಮರವನ್ನು ಬಹಳ ಹೊತ್ತು ನೋಡಿ, "ಕಾಯಿ ಕೀಳಾಕೆ ಇದೇ ಸಲೀಸು" ಎಂದರು.

ಮಾರನೆಯ ಸಂಜೆ ಚಂದ್ರ ಸಿಕ್ಕ. ಎಳೆಯ ಚಂದ್ರ, ಪಡುವಣಕ್ಕೆ ಇಳಿಯುತ್ತಿದ್ದ. ಹಸಿ ಸುಣ್ಣದ ಗೋಡೆಗೆ ದಪ್ಪ ಹನಿ ಮಳೆ ಬಡಿದರೆ ಗುಳಿ ಬೀಳುತ್ತದಲ್ಲ, ಹಾಗಿತ್ತು ಮೈಯೆಲ್ಲ. ನೀನು ನನ್ನ ಕೈ ಹಿಡಿದುಕೊಂಡು ನೋಡಿದೆ. ಆಮೇಲೆ ಮೂಡಣದಲ್ಲಿ ಶನಿಯನ್ನು ಹುಡುಕಿದೆವು. ಪುಸ್ತಕದ ಚಿತ್ರದಂತೆ ಅಗಲವಾದ ಬಳೆ ಇರುತ್ತದೆಂದು ಕಾದರೆ, ಬಟಾಣಿಕಾಳಿಗೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ. ಈ ವರ್ಷ ಬಳೆಯ ಅಂಚು ನಮ್ಮ ಕಡೆ ತಿರುಗಿದೆ, ಅದಕ್ಕೇ ಗೆರೆಯಂತೆ ಕಾಣುತ್ತದೆ ಎಂದು ಓದಿ ತಿಳಿದುಕೊಂಡೆವು. ಮೇಘಶ್ರೀಗೆ ಆ ಗೆರೆಯೇ ಸಾಕಾಯಿತು, ಕುರ್ಚಿ ಬಿಟ್ಟು ಇಳಿಯಲೇ ಒಲ್ಲೆ ಅಂದಳು.

ಆ ನಾಲ್ಕಾರು ಸಂಜೆಗಳಲ್ಲಿ ನಾವಿಬ್ಬರೂ ಕಲಿತ ಮುಖ್ಯ ಪಾಠ ಒಂದಿತ್ತು. 25ರ ಗಾಜಿನಲ್ಲಿ ಆಕಾಶದ ಅಗಲ ಜಾಗ ಕಾಣುತ್ತದೆ. ಅದನ್ನು ಹಾಕಿ, ಬೇಕಾದ್ದನ್ನು ಹುಡುಕಿ ನಡುವಿಗೆ ತಂದುಕೊಳ್ಳಬೇಕು. ಆಮೇಲೆ ಅದನ್ನು ತೆಗೆದು ಅದೇ ತೂತಿಗೆ 10 ಹಾಕಿದರೆ ಅದೇ ವಸ್ತು ಹತ್ತಿರ ಬರುತ್ತದೆ. ನೇರವಾಗಿ 10 ಹಾಕಿ ಹುಡುಕಹೊರಟರೆ ನಮ್ಮಂಥ ಹೊಸಬರಿಗೆ ಸಿಕ್ಕುವುದು ಕತ್ತಲು. ಸಿಕ್ಕರೂ ನಿಲ್ಲುವುದಿಲ್ಲ, ಭೂಮಿ ತಿರುಗುತ್ತಿರುತ್ತದಲ್ಲ, ನೋಡನೋಡುತ್ತ ಜಾರಿಹೋಗುತ್ತದೆ, ಮತ್ತೆ 25 ಹಾಕಿ ಹುಡುಕಬೇಕು. ಇದು ನಿನಗೂ ಚೆನ್ನಾಗಿ ಗೊತ್ತಿತ್ತು ಹೇಮಾ.

ಜನವರಿ ಇಪ್ಪತ್ತಾರರ ಸಂಜೆ ನೀನು ಊರಲ್ಲಿರಲಿಲ್ಲ. ನಿಮ್ಮಪ್ಪ ಹೇಳಿದ್ದನ್ನು ಕೇಳಿದ್ದೀಯ, ಈಗ ನನ್ನದು ಕೇಳು. ಯುವಕ ಸಂಘದ ಸುನಿಲ್ ಬಂದು, "ಅಕ್ಕ, ರಿಪಬ್ಲಿಕ್ ಡೇ ಸಂಜೆ ಹಾಲಿನ ಡೇರಿ ಮುಂದೆ ಊರೋರ್ಗೆಲ್ಲ ಚಂದ್ರನ್ನ ತೋರ್ಸಣ" ಎಂದಾಗ ನಾನು ಹಿಗ್ಗಿಹೋದೆ. ಅವತ್ತು ಸರಿಯಾಗಿ ಅರ್ಧ ಚಂದ್ರ, ಗುಳಿಗಳ ನೆರಳು ಚೆನ್ನಾಗಿ ಬೀಳುತ್ತದೆ. ಅಮ್ಮನ ಇಳಕಲ್ ಸೀರೆ ಉಟ್ಟು ಹೊರಟೆ ಅಂದರೆ ನೋಡು. ಅಪ್ಪ ಕೊಳವೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಾಣಂತಿ ಕೂಸಿನಂತೆ ಎತ್ತಿಕೊಂಡು ಬಂದರು.

ಹೋಗಿ ನೋಡಿದರೆ ಬಯಲಿನಲ್ಲಿ ಎರಡು ಹಗ್ಗ ಕಟ್ಟಿದ್ದರು. ಸುನಿಲ್ ಮೈಕಿನಲ್ಲಿ, ಬಲಗಡೆ ಊರವರು, ಎಡಗಡೆ ಕೇರಿಯವರು ಎಂದು ಕೂಗುತ್ತಿದ್ದ. ಬೆಳಿಗ್ಗೆ ಅದೇ ಮೈಕಿನಲ್ಲಿ ಸಂವಿಧಾನದ ಪೀಠಿಕೆ ಓದಿದ್ದ. ನಿಮ್ಮಪ್ಪ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು, ಸಿಟ್ಟಿಲ್ಲದೆ, ಮಗಳಿಗೆ ಹೇಳುವ ಹಾಗೇ ಹೇಳಿದರು: "ಬ್ಯಾಸರ ಮಾಡ್ಕಬ್ಯಾಡ ಕಣವ್ವ, ನೀನು ಓದಿದೋಳು. ಒಬ್ರು ಕಣ್ಣಿಟ್ಟಿದ್ದಕ್ಕೆ ಇನ್ನೊಬ್ರು ಕಣ್ಣಿಟ್ರೆ ಕಣ್ಬ್ಯಾನೆ ಅಂಟ್ತದೆ ಅಂತ ಜನ ಹೆದರ್ತಾರೆ. ಎಂಗೂ ಎರಡು ಗಾಜು ಅವಂತಲ್ಲ. ಒಂದು ನಮ್ಗಿರ್ಲಿ, ಒಂದು ನಿಮ್ಗಿರ್ಲಿ."

ಕಣ್ಣುಬೇನೆಗೆ ಬೀದಿಯ ಗುರುತು ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಬೀದಿಯ ಇನ್ನೂರು ಜನ ಒಂದೇ ಗಾಜಿಗೆ ಕಣ್ಣಿಟ್ಟರೆ ಅಂಟದ ಬೇನೆ, ನಮ್ಮಪ್ಪ ಒಬ್ಬರು ಇಟ್ಟರೆ ಅಂಟುತ್ತದೆ! ನಮ್ಮ ತಾತನಿಗೆ ಹೋಟೆಲಿನ ಸೂರಿನಡಿ ಸಿಕ್ಕಿಸಿಟ್ಟ ಬೇರೆ ಲೋಟ ಇರುತ್ತಿತ್ತಂತೆ, ಕಾಫಿ ಕುಡಿದು ತಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕಿತ್ತಂತೆ. ಆ ಕಾಲ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಹಸುವಿನ ಹಾಲೂ ನಿಮ್ಮ ಹಸುವಿನ ಹಾಲೂ ದಿನಾ ಎರಡು ಹೊತ್ತು ಒಂದೇ ಕ್ಯಾನಿಗೆ ಬೀಳುವ ಡೇರಿಯ ಮುಂದೆಯೇ ನಿಂತು ನಿಮ್ಮಪ್ಪ ಈ ಮಾತು ಹೇಳಿದ್ದು.

ಅಪ್ಪ ನನ್ನ ಸೆರಗು ಜಗ್ಗಿ, ಹೋಗೋಣ ನಡಿ ಎಂದರು. ನಾನು ಕದಲಲಿಲ್ಲ. ಯಾವುದರಲ್ಲಿ ದೊಡ್ಡದಾಗಿ ಕಾಣುತ್ತದೆ ಎಂದು ನಿಮ್ಮಪ್ಪ ಕೇಳಿದರು. ಹತ್ತರಲ್ಲಿ ಎಂದೆ. ಹಾಗಾದರೆ ಅದು ನಮಗಿರಲಿ ಎಂದರು. ಕೊಟ್ಟೆ.

ಮೊದಲು ನಿಮ್ಮ ಸಾಲು. ಸುನಿಲ್ 10 ಹಾಕಿ, ಕೊಳವೆಯನ್ನು ಫಿರಂಗಿ ತಿರುಗಿಸುವವನಂತೆ ಚಂದ್ರನ ಕಡೆ ತಿರುಗಿಸಿದ. ನಿಮ್ಮಪ್ಪ ಎದ್ದು ಬಂದು, ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಬಗ್ಗಿದರು. "ಏನ್ಲಾ ಇದು, ಹಾಳುಬಾವಿ ಬಗ್ಗಿ ನೋಡ್ದಂಗೈತೆ" ಎಂದರು. ಮತ್ತೆ ತಿರುಗಿಸಿದ, ಮತ್ತೆ ಕಪ್ಪು. ಒಂದು ಸಲ ಬೆಳ್ಳಗೆ ಏನೋ ಹಾದುಹೋಯಿತಂತೆ. ಸುನಿಲ್ ನನ್ನ ಮುಖ ನೋಡಿದ. ಆಗ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಮೊದಲು 25 ಹಾಕಿ, ನಾನು ಕಣ್ಣಿಟ್ಟು ನಡುವಿಗೆ ತಂದುಕೊಡಬೇಕು, ಆಮೇಲೆ ನಿಮ್ಮ 10 ಹಾಕಿದರೆ ಕಾಣುತ್ತದೆ, ನಾಲ್ಕು ಜನ ನೋಡುವಷ್ಟರಲ್ಲಿ ಜಾರಿಹೋಗುತ್ತದೆ, ಮತ್ತೆ ನಾನು ಬರಬೇಕು ಎಂದು. ನಿಮ್ಮಪ್ಪ, "ಅದೇ ಬ್ಯಾಡ ಅಂದಿದ್ದು" ಎಂದರು. ಇದನ್ನು ಅವರು ನಿನಗೆ ಹೇಳಿಲ್ಲ ಅಲ್ಲವಾ? ನಾನು ಹೇಳಿದೆ ಕಣೇ. ಬಯಲೆಲ್ಲ ಕೇಳಿಸಿಕೊಂಡಿತು. ಅರ್ಧ ಸಾಲು ಕತ್ತಲನ್ನೇ ನೋಡಿ ಮನೆಗೆ ಹೋಯಿತು. ನಿನ್ನ ಹತ್ತಿರ ಸುಳ್ಳೇಕೆ, ಹೋಗಲಿ, ಕತ್ತಲನ್ನೇ ನೋಡಿಕೊಂಡು ಹೋಗಲಿ ಎಂದು ಒಳಗೊಳಗೇ ನನಗೆ ಖುಷಿಯೂ ಆಯಿತು.

ಆಮೇಲೆ ನಮ್ಮ ಸಾಲು. 25 ಹಾಕಿದೆ, ಚಂದ್ರ ಇಡಿಯಾಗಿ ಬಂದು ಕೂತ. ನಮ್ಮ ಕೇರಿಯ ಮುದುಕಿಯರು ಒಬ್ಬೊಬ್ಬರೂ ಕೆನ್ನೆ ಕೆನ್ನೆ ಬಡಿದುಕೊಂಡರು. ನಿಮ್ಮ ಬೀದಿಯ ಮಕ್ಕಳು ಹಗ್ಗದ ಕೆಳಗೆ ನುಸುಳಿ ಬಂದು ನಮ್ಮ ಮಕ್ಕಳ ಹಿಂದೆ ನಿಂತವು. ನಾನು ಯಾರನ್ನೂ ಕರೆಯಲಿಲ್ಲ, ಯಾರನ್ನೂ ಕಳಿಸಲಿಲ್ಲ. ಅದನ್ನು ಕಂಡು ನಿಮ್ಮಪ್ಪ ಡೇರಿಯ ದೊಡ್ಡ ಲೈಟು ಹಾಕಿಸಿದರು. ಲೈಟು ಹಾಕಿದರೂ ಚಂದ್ರ ಕಾಣುತ್ತಲೇ ಇದ್ದ, ಮಕ್ಕಳು ನೋಡುತ್ತಲೇ ಇದ್ದವು. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಹೋದ ಅಮ್ಮನ ಎದುರಿಗೇ ಅವರು, "ಗಿಡ್ಡಯ್ಯನ ಮಗಳು ಬೇಕಂತ್ಲೇ ನಮ್ಗೆ ಕುರುಡು ಗಾಜು ಕೊಟ್ಟು ಊರ ಮರ್ವಾದೆ ತೆಗುದ್ಲು" ಎಂದರಂತೆ.

ನಾನು ತಪ್ಪಾಯಿತು ಅನ್ನಬೇಕಾದ್ದು ಇದಕ್ಕೆ! ನಿಮ್ಮಪ್ಪ ದೊಡ್ಡವರು. ಎದುರು ಸಿಕ್ಕರೆ ನಮಸ್ಕಾರ ಹೇಳುತ್ತೇನೆ, ಮೊನ್ನೆಯೂ ಬಸ್‌ಸ್ಟಾಪಿನಲ್ಲಿ ಹೇಳಿದೆ, ಅವರು ಮುಖ ತಿರುಗಿಸಿದರು. ಮುಂದೆಯೂ ಹೇಳುತ್ತೇನೆ. ತಪ್ಪಾಯಿತು ಅನ್ನುವುದು ಮಾತ್ರ ತಪ್ಪು ಮಾಡಿದಾಗ.

ಇನ್ನು ನಿನ್ನ ಪಾಲಿನದು. ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದಿದ್ದರೆ ಊಟ ಸೇರುವುದಿಲ್ಲ. ಟೆಲಿಸ್ಕೋಪಿಗೆ ಎರಡು ಗಾಜು ಇರುತ್ತವೆ ಎಂದು ನಿಮ್ಮಪ್ಪನಿಗೆ ಯಾರು ಹೇಳಿದರು? ಸುನಿಲ್ ಅದನ್ನು ಅವತ್ತಿನ ತನಕ ಕಣ್ಣಿನಿಂದ ಕಂಡವನಲ್ಲ. ನಮ್ಮಪ್ಪ ಅಮ್ಮ ಹೇಳುವವರಲ್ಲ. ಡಬ್ಬ ಬಿಚ್ಚಿದವರು ನಾವಿಬ್ಬರೇ. ನೀನೇ ಹೇಳಿದೆ ಹೇಮಾ. ಅವರು ಬೇಡವೇ ಬೇಡ ಅಂದಿರಬೇಕು, ನೀನು, ಎರಡು ಗಾಜು ಇವೆ ಅಪ್ಪ, ಯಾರಿಗೂ ತೊಂದರೆಯಾಗದ ಹಾಗೆ ಮಾಡಬಹುದು ಎಂದಿರಬೇಕು. ಎಲ್ಲರೂ ನೋಡಲಿ, ಜಗಳ ಆಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಹೋಟೆಲಿನ ಸೂರಿಗೆ ಆ ಲೋಟ ಸಿಕ್ಕಿಸಿದವರೂ ಹಾಗೇ ಅಂದುಕೊಂಡಿದ್ದರೇನೋ, ಪಾಪ, ಅವರಿಗೂ ಕಾಫಿ ಸಿಗಲಿ ಎಂದು. ನಿಮ್ಮಪ್ಪನ ಮಾತಿಗೆ ನನಗೆ ಬಂದದ್ದು ಸಿಟ್ಟು. ಇದಕ್ಕೆ ಅಳು ಬಂತು. ನಿನ್ನ ಮುಂದೆ ಅಳಬಾರದೆಂದೂ ಫೋನು ಮಾಡಲಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು.

ನೀನು ಟೆಲಿಸ್ಕೋಪು ಕೇಳಿದ್ದು ತಿಳಿದ ಮೇಲೆ ಅಪ್ಪ ಮೊದಲ ನಾಲ್ಕು ದಿನ, "ಕೊಟ್ಬುಡವ್ವ, ಊರಲ್ಲಿ ಬಾಳ್ಬೇಕು" ಎಂದರು. ನಾನು ಕೇಳಿದೆ: ಇಷ್ಟು ವರ್ಷ ಕಂಡಕ್ಟರ್ ಆಗಿ ಬಾಣಾವರದ ಬಸ್ಸಿನಲ್ಲಿ ಟಿಕೆಟ್ ಹರಿದಿರಲ್ಲ, ಬೀದಿಗೊಂದು ಸೀಟು ಅಂತ ಎಂದಾದರೂ ಕೂರಿಸಿದಿರಾ? ಅಪ್ಪ ಎದ್ದು ಹಿತ್ತಲಿಗೆ ಹೋದರು. ನಿನ್ನೆ ಕೆಲಸದಿಂದ ಬಂದು ನೋಡುತ್ತೇನೆ, ಹಿತ್ತಲಲ್ಲಿ ನೆಲ ಅಗೆದು, ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಚಪ್ಪಡಿ ಹೂತು, ನೀರಿನ ಬಟ್ಟಲು ಇಟ್ಟು ಮಟ್ಟ ನೋಡುತ್ತಿದ್ದಾರೆ. ಇನ್ನು ಅಲುಗಾಡಲ್ಲ ಎಂದರು, ಅಷ್ಟೆ.

ಆದ್ದರಿಂದ ಶಿವರಾತ್ರಿಯ ದಿನ ಟೆಲಿಸ್ಕೋಪು ಗುಡಿ ಮುಂದಕ್ಕೆ ಬರುವುದಿಲ್ಲ. ಸಂಜೆ ಏಳರಿಂದ ನಮ್ಮ ಹಿತ್ತಲಲ್ಲಿ ಆ ಚಪ್ಪಡಿಗಳ ಮೇಲೆ ಇರುತ್ತದೆ. ಶಿವರಾತ್ರಿಗೆ ಚಂದ್ರ ಇರುವುದಿಲ್ಲ, ಗುರು ಇದ್ದಾನೆ, ಮೋಡವಿಲ್ಲದಿದ್ದರೆ ತಲೆಯ ಮೇಲೇ ಬರುತ್ತಾನೆ. ಯಾರು ಬೇಕಾದರೂ ಬರಬಹುದು, ನಿಮ್ಮಪ್ಪನೂ. ಸಾಲು ಒಂದೇ, ಮೊದಲು ಬಂದವರು ಮುಂದೆ. ಎಲ್ಲರಿಗೂ ಮೊದಲು 25, ಆಮೇಲೆ 10. ಇನ್ನೊಬ್ಬರು ಕಣ್ಣಿಟ್ಟರೆಂದು ಗಾಜನ್ನು ಟವೆಲಿನಿಂದ ಒರೆಸುವ ಹಾಗಿಲ್ಲ. ಒರೆಸಿದರೆ ಗಾಜಿನ ಮೇಲಿನ ಲೇಪ ಗೀಚಿಹೋಗುತ್ತದೆ, ಇದು ಪುಸ್ತಕದಲ್ಲಿ ಬರೆದಿರುವುದು. ಒರೆಸಿದವರನ್ನು ಹಿತ್ತಲಿನಿಂದ ಆಚೆ ಕಳಿಸುತ್ತೇನೆ, ಇದು ನಾನು ಬರೆದಿರುವುದು. ನಾಳೆ ಡೇರಿಯ ಬೋರ್ಡಿನ ಪಕ್ಕದಲ್ಲಿ ಇದನ್ನೇ ಚೀಟಿ ಬರೆದು ಅಂಟಿಸುತ್ತೇನೆ. ಹರಿದರೆ ಇನ್ನೊಂದು ಅಂಟಿಸುತ್ತೇನೆ, ಅಂಚೆಯವಳಿಗೆ ಗೋಂದಿಗೇನು ಬರ.

ನೀನು ಹಳೇಬೀಡಿನ ಶಾಲೆಯಲ್ಲಿ ಮಕ್ಕಳಿಗೆ ಗ್ರಹಗಳ ಪಾಠ ಮಾಡುವವಳು. ಮೇಘಶ್ರೀಯನ್ನು ಕರೆದುಕೊಂಡು ಬಾ. ಈ ಸಲ ಮುಂಬಾಗಿಲಿನಿಂದ ಬಾ, ನಡುಮನೆಯಲ್ಲಿ ಕೂತು ಕಾಫಿ ಕುಡಿ, ಆಮೇಲೆ ಹಿತ್ತಲಿಗೆ ಹೋಗೋಣ. ನೀನು ಬರದಿದ್ದರೆ ನನಗೆ ತುಂಬ ನೋವಾಗುತ್ತದೆ. ನಿನ್ನನ್ನು ಬಿಟ್ಟರೆ ನನಗೆ ಗೆಳತಿ ಎಂದು ಯಾರಿದ್ದಾರೆ? ಆದರೆ ಆ ನೋವಿಗೆ ಹೆದರಿ ನಾನು ಎರಡನೇ ಹಗ್ಗ ಕಟ್ಟಲು ಬಿಡುವುದಿಲ್ಲ.

ಇಷ್ಟು ಬೈದ ಮೇಲೂ ನಿನ್ನವಳೇ ಆದ
ಧನುಶ್ರೀ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಸಂಜೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ನಾನು ಹೊಸ ಚಪ್ಪಡಿಯ ಮೇಲೆ ಟೆಲಿಸ್ಕೋಪು ನಿಲ್ಲಿಸಿ ಗುರುವನ್ನು ನೋಡುತ್ತಿದ್ದೆ. ತಲೆಯ ತುಂಬ ಸೆರಗು ಹೊದ್ದು ನಿಮ್ಮಮ್ಮ ಬಂದರು. ನಲವತ್ತು ವರ್ಷದಿಂದ ಈ ಊರಿನಲ್ಲಿದ್ದೂ ನಮ್ಮ ಕೇರಿಗೆ ಕಾಲಿಡದ ಗುರುಸಿದ್ದಮ್ಮನವರು. "ಕರ ತಪ್ಪಿಸ್ಕಂಡೈತೆ, ಈ ಕಡೀಕೆ ಬಂತಾ?" ಎಂದು ಕೇಳಿದರು. ನಿಮ್ಮ ಮನೆಯಲ್ಲಿ ಈಗ ಕರುವೇ ಇಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬನ್ನಿ ಅಮ್ಮ, ನೋಡಿ ಎಂದೆ. ಆಗಷ್ಟೇ ನನ್ನ ಕಣ್ಣು ಇದ್ದ ಗಾಜಿಗೆ ನೇರವಾಗಿ ಕಣ್ಣಿಟ್ಟರು. ಸೆರಗು ಕೈಯಲ್ಲೇ ಇತ್ತು, ಒರೆಸಲಿಲ್ಲ. ಗುರುವಿನ ಪಕ್ಕದ ಆ ನಾಲ್ಕು ಚುಕ್ಕಿ ಏನು ಎಂದು ಕೇಳಿದರು, ಅವನ ಚಂದ್ರರು ಎಂದೆ. "ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲವ್ವ" ಎಂದು ಮತ್ತೆ ಬಗ್ಗಿದರು. ಬರುವ ಭಾನುವಾರದ ಸಾಲಿನ ಸಂಗತಿ ಹೇಳಿದೆ. ಅವತ್ತೂ ಬರುತ್ತಾರಂತೆ, ಸಾಲಿನಲ್ಲಿ ಮುಂದೆ ನಿಲ್ಲಿಸು ಎಂದರು. ಮುಂದೆ ನಿಲ್ಲಬೇಕಾದರೆ ಬೇಗ ಬನ್ನಿ ಎಂದೆ, ನಕ್ಕರು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಹೇಮಂಗೆ ಮಾತ್ರ ಹೇಳ್ಬ್ಯಾಡ ಕಣವ್ವ. ಅವ್ರಪ್ಪ ಬೈದ್ರೆ ನಾನು ಬೈಸ್ಕತೀನಿ. ಅವಳು ಓದಿದ ಮಗ, ಹೆದರ್ಕತಾಳೆ" ಎಂದರು. ಆಗಲ್ಲ ಅಮ್ಮ, ಹೇಳ್ತೀನಿ ಎಂದೆ. ಹೇಳಿದ್ದೇನೆ.